ಅಮಾವಾಸ್ಯೆಯ ದಿನ ತೋರಿಸಿದ ಮನೆ

ಅಕ್ಕೋರೇ, ಬನಹಟ್ಟಿಯ ಆ ಫ್ಲ್ಯಾಟನ್ನು ನಾನು ನಿಮಗೆ ಮೋಸದಿಂದ ಮಾರಿದೆ. ನಾಲ್ಕು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ — ನನ್ನ ಮುಂದೆಯೂ.

ಹೆಂಡತಿ ತೀರಿಕೊಂಡ ಮೇಲೆ ಆ ಎರಡು ಕೋಣೆಗಳಲ್ಲಿ ಒಬ್ಬನೇ ಇರುವುದು ನನ್ನಿಂದಾಗಲಿಲ್ಲ. ನೆಲಕ್ಕೆ ಹೊಸ ಫರ್ಶಿ ಹಾಕಿಸಿದೆ, ಅಡುಗೆ ಕಟ್ಟೆ ಬದಲಿಸಿದೆ, ಬಣ್ಣ ಬಳಿಸಿದೆ. ನೋಡಲು ಬಂದವರೆಲ್ಲ ಛಲೋ ಅಂದರು. ಆದರೆ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್‌ಗಳು — ಆ ಸಪ್ಪಳ ಕೇಳಿದ್ದೇ ತಡ, ಹೊರಟುಬಿಡುತ್ತಿದ್ದರು.

ಮುಧೋಳದಿಂದ ಫೋನ್ ಮಾಡಿದಾಗ ನೀವು ಮೊದಲು ಕೇಳಿದ್ದೂ ಅದನ್ನೇ. ತಮ್ಮನ ಮನಸ್ಸು ಮೆದು, ಗದ್ದಲವಾದರೆ ಹೆದರಿ ಮೂಲೆ ಸೇರುತ್ತಾನೆ, ಅವನಿಗಾಗಿಯೇ ಮನೆ ಹುಡುಕುತ್ತಿದ್ದೇನೆ ಎಂದಿರಿ. ನಾನು — ಬೇಕೆಂದೇ — ಅಮಾವಾಸ್ಯೆಯ ದಿನ ಬರಹೇಳಿದೆ. ಅಂದು ನಮ್ಮ ಓಣಿಯ ನೇಕಾರರು ಮಗ್ಗ ಮುಟ್ಟುವುದಿಲ್ಲ.

ನೀವು ಹಿಂದಿನ ಕಿಟಕಿ ತೆರೆದು ನಿಂತಿರಿ. "ಇಲ್ಲಿ ಮಗ್ಗದ ಸಪ್ಪಳ ಬರೂದಿಲ್ಲೇನ್ರಿ?"

"ನೀವ ಕಿವಿಗೊಟ್ಟ ಕೇಳ್ರಿ ಅಕ್ಕೋರ," ಎಂದೆ. "ಏನರ ಕೇಳಸ್ತೈತೇನು?"

ನಿಮ್ಮ ತಮ್ಮ ಹೊಸ ಫರ್ಶಿಯ ಮೇಲೆ ಬರಿಗಾಲಲ್ಲಿ ಓಡಾಡಿ ನಕ್ಕ. ಅವನ ನಗು ನೋಡಿಯಾದರೂ ನಾನು — ಇಲ್ಲ, ಬಾಯಿ ಬಿಡಲಿಲ್ಲ.

ನೀವು ಬಂದು ತಿಂಗಳು ತುಂಬುವುದರೊಳಗೆ ಅವನನ್ನು ತೇರದಾಳದ ಚಿಗವ್ವನ ಮನೆಯಲ್ಲಿ ಬಿಟ್ಟುಬಂದಿರೆಂದು ಕೇಳಿದೆ. ಅವನಿಗಾಗಿ ಕೊಂಡ ಮನೆಯಲ್ಲಿ ನೀವೊಬ್ಬರೇ ಉಳಿದಿರಿ. ನಾನು ನೀವು ಕೊಟ್ಟ ದುಡ್ಡಿನಲ್ಲಿ ಜಮಖಂಡಿಯಲ್ಲಿ ಪುಟ್ಟ ಮನೆ ಕೊಂಡೆ. ಇಲ್ಲಿ ಸಪ್ಪಳವಿಲ್ಲ, ಮಾತಿಲ್ಲ, ಬಾಗಿಲು ಬಡಿಯುವವರೂ ಇಲ್ಲ. ನಿಮ್ಮ ತಮ್ಮನಿಗೆ ಬೇಕಾಗಿದ್ದದ್ದು ಇಂಥ ಮನೆ. ಅದರಲ್ಲಿ ನಾನು ಕೂತಿದ್ದೇನೆ.

ಮೊನ್ನೆ ನೀವು ಆ ಫ್ಲ್ಯಾಟು ಮಾರುತ್ತೀರೆಂದು ತಿಳಿಯಿತು. ಪರಿಚಯದವನೊಬ್ಬನಿಂದ, ಕೊಳ್ಳುವವನ ಹಾಗೆ, ಫೋನ್ ಮಾಡಿಸಿದೆ. ಅದೂ ಕಳ್ಳತನವೇ. ಪಕ್ಕದಲ್ಲಿ ಕೂತು ನಿಮ್ಮ ದನಿ ಕೇಳಿದೆ.

"ಅಮಾಸಿ ದಿನ ಬರಬ್ಯಾಡ್ರಿ. ಮಗ್ಗ ನಡದಾಗ ಬಂದ ನೋಡ್ರಿ."

ನಿಮಗೆ ಎಲ್ಲ ಗೊತ್ತಿತ್ತು. ಇಷ್ಟು ವರ್ಷ ಒಂದು ಮಾತೂ ನನ್ನನ್ನು ಕೇಳಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ನಾಳೆ ಬರುತ್ತೇನೆ, ಜಮಖಂಡಿಯ ಈ ಮನೆಯ ಕೀಲಿಕೈಯನ್ನು ನಿಮ್ಮ ತಮ್ಮನಿಗೆಂದು ತೆಗೆದುಕೊಂಡು. ನೀವು ಅದನ್ನು ಮುಟ್ಟದೆಯೂ ಇರಬಹುದು, ಬಾಗಿಲು ಹಾಕಿಕೊಳ್ಳಲೂಬಹುದು. ನಾಳೆ ಅಮಾವಾಸ್ಯೆಯಲ್ಲ, ಮಗ್ಗಗಳು ನಡೆಯುತ್ತಿರುತ್ತವೆ. ಮಾಡಿದ ತಪ್ಪನ್ನು ನಿಮ್ಮ ಬಾಗಿಲಲ್ಲಿ ನಿಂತು, ನಿಮಗೆ ಕೇಳಿಸುವವರೆಗೂ ಕೂಗಿ ಹೇಳುತ್ತೇನೆ.