ತಟ್ಟೆಗೆ ಅಡ್ಡ ಹಿಡಿದ ಕೈ

ಬೆಳಗ್ಗೆ ಎದ್ದು ಮುಖ ತೊಳೆದ ಕೂಡಲೇ ಅವಳು ಗಾಜಿನ ಲೋಟದಲ್ಲಿ ನೀರು ಹಿಡಿದು ಕಿಟಕಿಯ ಬಳಿ ಹೋಗುತ್ತಾಳೆ. ಲೋಟವನ್ನು ಬೆಳಕಿಗೆ ಎತ್ತಿ ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿರುವ ದೇವರ ಪಟದ ಮುಂದೆ ಅದನ್ನಿಟ್ಟು ಕೈಮುಗಿಯುತ್ತಾಳೆ. ಆ ನೀರನ್ನು ಕುಡಿದ ಮೇಲೆಯೇ ಉಳಿದ ಕೆಲಸ. ಜ್ವರದಲ್ಲಿ ಮಲಗಿದ್ದಾಗಲೂ ಇದು ತಪ್ಪಿಲ್ಲ. ವಿಮಾನ ಇಳಿದು ಈ ದೇಶಕ್ಕೆ ಬಂದ ಮೊದಲ ಬೆಳಗ್ಗೆ, ಪೆಟ್ಟಿಗೆಯೊಳಗೆ ಕೈಹಾಕಿ ಹಲ್ಲುಜ್ಜುವ ಬ್ರಷ್ಷಿಗೂ ಮುಂಚೆ ಹುಡುಕಿ ತೆಗೆದದ್ದು ಆ ಪಟವನ್ನೇ.

ಈ ಅಭ್ಯಾಸ ಅಮ್ಮನಿಂದ ಬಂದದ್ದು. ಅಮ್ಮ ಊರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೆಸ್ ನಡೆಸುತ್ತಾಳೆ. ಉದ್ದನೆಯ ಎರಡು ಬೆಂಚು, ಒಳಗೊಂದು ಅಡುಗೆಮನೆ, ಮೂಲೆಯಲ್ಲಿ ದೇವರ ಗೂಡು. ದಿನದ ಮೊದಲ ಲೋಟ ನೀರು ಗೂಡಿಗೆ, ಆಮೇಲಿನದೆಲ್ಲ ಬಂದವರಿಗೆ. ಬಂದವರಿಗೆ ನೀರು ಹಾಕುವ ಕೆಲಸ ಮಗಳದು. ಜಗ್ ಎತ್ತಲು ಎರಡು ಕೈ ಬೇಕಾಗುತ್ತಿದ್ದ ವಯಸ್ಸಿನಲ್ಲೇ ಅವಳಿಗೆ ‘ನೀರಮ್ಮ’ ಎಂಬ ಹೆಸರು ಬಿತ್ತು. ಇಟ್ಟವನು ದಿನಾ ಊಟಕ್ಕೆ ಬರುತ್ತಿದ್ದ ಒಬ್ಬ ಬಸ್ ಕಂಡಕ್ಟರ್.

ನೀರಮ್ಮ ಕಡಲಾಚೆ ಬಂದು ಓದುತ್ತಿರುವುದೂ ನೀರಿನ ವಿಷಯವನ್ನೇ. ಕೊಳಕು ನೀರನ್ನು ಮರಳಿನ ಮೂಲಕ ಹಾಯಿಸಿ ಕುಡಿಯುವಂತೆ ಮಾಡುವುದು ಹೇಗೆ ಎಂಬುದು ಅವಳ ಸಂಶೋಧನೆ. “ಅಷ್ಟು ದೂರ ಹೋಗಿ ಮರಳು ಜಾಲಿಸ್ತಾಳಂತೆ ನಮ್ಮ ನೀರಮ್ಮ” ಎಂದು ಕಂಡಕ್ಟರ್ ಮೆಸ್ಸಿನಲ್ಲಿ ಕೂತವರಿಗೆಲ್ಲ ಹೇಳಿ ನಗುತ್ತಿದ್ದ. ಅವಳು ಹೊರಟ ದಿನ ಪೆಟ್ಟಿಗೆ ಹೊತ್ತು ಬಸ್ಸಿಗೇರಿಸಿ, ಟಿಕೆಟ್ಟೂ ಹರಿಯದೆ ಮುಖ ಆಚೆ ತಿರುಗಿಸಿಕೊಂಡು ನಿಂತವನೂ ಅವನೇ.

ಮೆಸ್ಸಿನಲ್ಲಿ ಅವಳು ಕಲಿತ ದೊಡ್ಡ ವಿದ್ಯೆ ಬಡಿಸುವುದು. ಬಡಿಸಲು ಹೋದರೆ ಯಾರೂ ಮೊದಲ ಮಾತಿಗೇ ‘ಹಾಕಿ’ ಎನ್ನುವುದಿಲ್ಲ. ಬೇಡ, ಸಾಕು, ಹೊಟ್ಟೆಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ಬಲವಂತ ಮಾಡಬೇಕು. ಮೂರನೆಯ ಸಲಕ್ಕೆ, “ಸರಿ, ನಿಮ್ಮ ಮಾತಿಗೆ ಒಂದು ಚೂರು” ಎಂದು ತಟ್ಟೆ ಮುಂದೆ ಸರಿಸುತ್ತಾರೆ.

“ಬಾಯಿ ನೋಡ್ಬೇಡ ಕಣೇ, ಕೈ ನೋಡು” ಎಂದು ಅಮ್ಮ ಹೇಳಿಕೊಟ್ಟಿದ್ದಳು. “ಕೈ ತಟ್ಟೆಗೆ ಅಡ್ಡ ಬಂದ್ರೆ ನಿಜವಾಗ್ಲೂ ಬೇಡ. ಪಕ್ಕದಲ್ಲೇ ಇದ್ರೆ ಬಡಿಸು, ಯಾರೂ ಬಯ್ಯಲ್ಲ.”

ಇಲ್ಲಿ ಅವಳಿರುವುದು ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಜೊತೆಗಿರುವವಳು ಬೇರೊಂದು ದೇಶದಿಂದ ಓದಲು ಬಂದ ಹುಡುಗಿ. ಅಡುಗೆಮನೆಯ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕು, ಅಷ್ಟು ಎತ್ತರ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಅವಳ ಹೆಸರು ‘ಏಣಿ’.

ಮೊದಲ ವಾರ ಏಣಿ ಘಮಘಮ ಎನ್ನುವಂಥದ್ದೇನನ್ನೋ ಮಾಡಿ, “ತಿಂತೀಯಾ?” ಎಂದಳು. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬೀಳದ ನೀರಮ್ಮ ಮರ್ಯಾದೆಗೆ “ಅಯ್ಯೋ, ಬೇಡ” ಎಂದಳು. ಏಣಿ “ಸರಿ” ಎಂದು ಪಾತ್ರೆ ಮುಚ್ಚಿ ಫ್ರಿಜ್ಜಿಗಿಟ್ಟು ಕೋಣೆಗೆ ಹೋದಳು. ನೀರಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿದಳು.

“ಒಂದೇ ಸಲ ಕೇಳಿದ್ಲಾ?” ಮರುದಿನ ಫೋನಿನಲ್ಲಿ ಅಮ್ಮನಿಗೆ ನಂಬಲಾಗಲಿಲ್ಲ.

“ಒಂದೇ ಸಲ.”

“ಎಂಥಾ ಜಿಪುಣಿ ಇರ್ಬೇಕು. ಇರ್ಲಿ, ನೀನು ಅವಳ ಥರ ಮಾಡ್ಬೇಡ. ಕೂರಿಸಿ ಹೊಟ್ಟೆ ತುಂಬಾ ಬಡಿಸು. ನಾಚ್ಕೊಳ್ಲಿ.”

ನೀರಮ್ಮ ಹಾಗೇ ಮಾಡಿದಳು. ಭಾನುವಾರ ಏಣಿಯನ್ನು ಕೂರಿಸಿ ಬಡಿಸಿದ್ದೇ ಬಡಿಸಿದ್ದು. ಸಾಕು ಎಂದಷ್ಟೂ ತಟ್ಟೆ ತುಂಬಿತು. ಕೊನೆಗೆ ಏಣಿ ಚಮಚ ಕೆಳಗಿಟ್ಟು, “ನಾನೇನು ತಪ್ಪು ಮಾಡ್ದೆ ಅಂತ ಹೇಳ್ಬಿಡು. ಯಾಕೆ ಈ ಶಿಕ್ಷೆ?” ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಏಣಿ ನಿಜವಾದ ಹೊಟ್ಟೆನೋವಿನಿಂದ. ಇವಳೊಬ್ಬಳ ಸ್ವಭಾವವೇ ಹೀಗೆ ಎಂದುಕೊಂಡು ನೀರಮ್ಮ ಅದನ್ನು ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು.

ಅವಳ ವಿಭಾಗದ ನೆಲಮಾಳಿಗೆಯಲ್ಲಿ ಒಂದು ಕಬ್ಬಿಣದ ಚೌಕಟ್ಟಿದೆ. ಅದರಲ್ಲಿ ಆಳಿಗಿಂತ ಎತ್ತರದ, ಒಳಗಿನದೆಲ್ಲ ಕಾಣುವ ನಾಲ್ಕು ಕೊಳವೆಗಳು. ಅಡಿಯಲ್ಲಿ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು ತುಂಬಿ ನೀರನ್ನು ನಿಧಾನವಾಗಿ ಬಿಡಬೇಕು. ಕೆಲವು ವಾರ ಕಳೆದರೆ ಮರಳಿನ ನೆತ್ತಿಯ ಮೇಲೆ ತೆಳ್ಳಗೆ ಒಂದು ಜೀವಂತ ಪೊರೆ ಕಟ್ಟುತ್ತದೆ. ನೀರನ್ನು ಮುಖ್ಯವಾಗಿ ತಿಳಿ ಮಾಡುವುದು ಆ ಪೊರೆಯೇ. ಮರಳು ಒಣಗಿತೋ, ಪೊರೆ ಸತ್ತಿತು, ಎಲ್ಲ ಮೊದಲಿನಿಂದ. ನೀರಮ್ಮ ಅದುವರೆಗೆ ಮೇಜಿನ ಮೇಲಿನ ಮೊಳದುದ್ದದ ಕೊಳವೆಗಳಲ್ಲಿ ಮಾಡಿದ್ದು ಪದವಿಗೆ ಸಾಲದು. ಚೌಕಟ್ಟು ಸಿಕ್ಕರೆ ಓದಿನ ಆ ಕೊನೆಯ ಅವಧಿಯಲ್ಲೇ ಪ್ರಬಂಧ ಮುಗಿಯುತ್ತದೆ. ಸಿಗದಿದ್ದರೆ ಅವಧಿಯ ಜೊತೆಗೆ ವಿದ್ಯಾರ್ಥಿವೇತನವೂ ಮುಗಿದು, ಪದವಿಯಿಲ್ಲದೆ ಊರಿಗೆ ವಾಪಸ್ಸು.

ವಾರದ ಸಭೆಯಲ್ಲಿ ಅವಳ ಮಾರ್ಗದರ್ಶಕಿ ಮೇಡಂ, ಗಿಡ್ಡ ಬಿಳಿಗೂದಲಿನ, ಮಾತು ಕಡಿಮೆಯ ಹೆಂಗಸು, ಅವಳ ಕಡೆ ತಿರುಗಿ, “ಚೌಕಟ್ಟು ಈ ಸಲ ನೀನು ತಗೋತೀಯಾ?” ಎಂದರು.

ನೀರಮ್ಮ ಕಾಯುತ್ತಿದ್ದದ್ದು ಈ ಮಾತಿಗೇ. ಆದರೆ ಅಷ್ಟು ಜನರ ಮುಂದೆ ಮೊದಲ ಮಾತಿಗೇ ಕೈಚಾಚುವುದು ಹೇಗೆ? “ಪರವಾಗಿಲ್ಲ ಮೇಡಂ, ಬೇರೆ ಯಾರಿಗಾದ್ರೂ ಬೇಕಿದ್ರೆ ಅವರೇ ತಗೊಳ್ಲಿ” ಎಂದು ತಲೆತಗ್ಗಿಸಿ ಎರಡನೆಯ ಸಲದ ಮಾತಿಗೆ ಕಾದಳು. ಮೇಡಂ ಪಕ್ಕದಲ್ಲಿದ್ದ ಗಡ್ಡದ ಹುಡುಗನತ್ತ ತಿರುಗಿ, “ಹಾಗಾದ್ರೆ ನಿಂಗೆ” ಎಂದುಬಿಟ್ಟರು. ಅವನು ಅಲ್ಲಿಯವನೇ. “ನಂಗೆ ಬೇಕಿತ್ತು” ಎಂದು ಸಂತೋಷವಾಗಿ ಒಪ್ಪಿಕೊಂಡ.

ಸಂಜೆ ಅವಳ ದನಿ ಕೇಳಿದ ಕೂಡಲೇ ಅಮ್ಮ, “ಏನಾಯ್ತೇ?” ಎಂದಳು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದಳು:

“ಆ ದೇಶದಲ್ಲಿರೋರು ಅಷ್ಟೂ ಜನ ಜಿಪುಣರಾಗಿರೋಕೆ ಸಾಧ್ಯ ಇಲ್ಲ ಕಣೇ. ಅವರ ರೀತಿನೇ ಬೇರೆ ಇರ್ಬೇಕು. ಏಣಿನ ನಾನು ಸುಮ್ನೆ ಬೈದೆ, ಪಾಪ. ನೀನು ನಾಳೆ ಹೋಗಿ ಬಾಯಿಬಿಟ್ಟು ಕೇಳು. ಹಸಿವು ಅಂತ ಬಾಗಿಲಿಗೆ ಬಂದು ಕೇಳಿದೋರನ್ನ ನಾನು ಯಾವತ್ತಾದ್ರೂ ಹಾಗೇ ಕಳಿಸಿದ್ದೀನಾ?”

ಮರುದಿನ ಪಟದ ಮುಂದೆ ಅವಳು ಬೇಡಿಕೊಂಡದ್ದು ಚೌಕಟ್ಟನ್ನಲ್ಲ, ನಾಲಿಗೆ ತಡವರಿಸದಿರಲಿ ಎಂದಷ್ಟೆ.

“ಮೇಡಂ, ನಿನ್ನೆ ನಾನು ಬೇಡ ಅಂದದ್ದು ನಿಜವಲ್ಲ.”

ಮೇಡಂ ಕನ್ನಡಕ ತೆಗೆದರು. “ಸುಳ್ಳು ಹೇಳಿದ್ಯಾ?”

“ಇಲ್ಲ ಮೇಡಂ, ಮರ್ಯಾದೆಗೆ ಅಂದೆ” ಎಂದು ನೀರಮ್ಮ ಮೆಸ್ಸಿನ ಬೆಂಚು, ಕಂಡಕ್ಟರ್, ಅಡ್ಡ ಬರುವ ಕೈ, ಬಾರದ ಕೈ, ಎಲ್ಲವನ್ನೂ ಹೇಳಿದಳು. ಮೇಡಂ ಗಡಿಯಾರ ನೋಡದೆ ಕೇಳಿದರು.

“ಅಂದ್ರೆ ನಾನು ನಿನ್ನ ಕೈ ನೋಡ್ಬೇಕಿತ್ತು.”

“ಹೌದು ಮೇಡಂ. ಪಕ್ಕದಲ್ಲೇ ಇತ್ತು.”

ಮೇಡಂ ಅವರ ತುಟಿಯ ಒಂದು ತುದಿ ಮಾತ್ರ ಮೇಲೆ ಹೋಯಿತು. “ಕೊಟ್ಟದ್ದನ್ನ ನಾನು ಕಿತ್ಕೊಳ್ಳೋಕಾಗಲ್ಲ. ಅವನು ಒಪ್ಪಿದ್ರೆ ನನ್ನ ಅಡ್ಡಿಯಿಲ್ಲ. ನೀನೇ ಕೇಳು.”

ಗಡ್ಡದವನು ನೆಲಮಾಳಿಗೆಯಲ್ಲಿ ಕೊಳವೆ ಒರೆಸುತ್ತಿದ್ದ. ನಾಲ್ಕರಲ್ಲಿ ಎರಡನ್ನು ತನಗೆ ಕೊಡುತ್ತೀಯಾ ಎಂದು ಕೇಳಿದಳು. “ಇಲ್ಲ” ಎಂದ. ಗಂಟೆ ಎಷ್ಟು ಎಂದರೆ ಹೇಳುವಂತೆ ಹೇಳಿದ, ಸಿಟ್ಟೂ ಇಲ್ಲ, ಸಂಕೋಚವೂ ಇಲ್ಲ. ನೀರಮ್ಮ ಮೆಟ್ಟಿಲು ಹತ್ತಿ ಹೋದಳು. ಬರಿಗೈಯಲ್ಲಿ ಬಂದು ಕೇಳಿದ್ದು ತನ್ನದೇ ತಪ್ಪು ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಮಾರನೆಯ ದಿನ ಮತ್ತೆ ಇಳಿದಳು.

“ನಿನ್ನೆನೇ ಇಲ್ಲ ಅಂದ್ನಲ್ಲ” ಎಂದ ಗಡ್ಡದವನು.

“ಅಂದೆ. ನಮ್ಮ ಕಡೆ ಮೊದಲನೇದು ಲೆಕ್ಕಕ್ಕಿಲ್ಲ. ಆದ್ರೆ ಇವತ್ತು ಸುಮ್ನೆ ಕೇಳೋಕೆ ಬಂದಿಲ್ಲ, ಕೊಡೋಕೂ ಬಂದಿದೀನಿ. ಹೋದ ವರ್ಷ ರಜೆಯಲ್ಲಿ ನಿನ್ನ ಮರಳು ಒಣಗಿಹೋಯ್ತು ಅಂತ ಸಭೆಯಲ್ಲಿ ಹೇಳಿದ್ಯಲ್ಲ. ನಾನು ರಜೆಯಲ್ಲೂ ಎಲ್ಲಿಗೂ ಹೋಗಲ್ಲ. ನಿನ್ನ ಕೊಳವೆನೂ ನಾನೇ ನೋಡ್ಕೋತೀನಿ.”

“ದಿನಾ ಬರ್ತೀಯಾ?”

“ಒಂದು ದಿನ ತಪ್ಪಿಸಿದ್ರೆ ಎರಡೂ ವಾಪಸ್ ತಗೋ.”

ಅವನು ಗಡ್ಡ ಕೆರೆದುಕೊಂಡ. “ಒಂದು ಕೆಟ್ರೆ ಇನ್ನೊಂದಿರ್ಲಿ ಅಂತಲೇ ನಾಲ್ಕು ಇಟ್ಕೊಂಡಿದ್ದು. ಕೆಡಲ್ಲ ಅಂತ ನೀನು ಮಾತು ಕೊಟ್ರೆ ನಂಗೆ ಎರಡೇ ಸಾಕು.” ಆಮೇಲೆ ಕೇಳಿದ: “ಇವತ್ತೂ ಇಲ್ಲ ಅಂದಿದ್ರೆ?”

“ನಾಳೆ ಬರ್ತಿದ್ದೆ.”

ವಿಭಾಗದಲ್ಲಿದ್ದ ಮರಳು ಆಗಲೇ ಗಡ್ಡದವನಿಗೆ ಹೋಗಿತ್ತು; ತನ್ನ ಪಾಲಿನದು ಬರುವವರೆಗೆ ಕಾದು, ಕೆಲವು ವಾರ ತಡವಾಗಿ ಅವಳ ಕೆಲಸ ಶುರುವಾಯಿತು. ಅಮ್ಮ ಅಕ್ಕಿ ತೊಳೆಯುವ ಹಾಗೆ ಬಕೆಟ್ಟುಗಟ್ಟಲೆ ಮರಳನ್ನು, ಬಸಿದ ನೀರು ತಿಳಿಯಾಗುವವರೆಗೆ ತೊಳೆದಳು. ದಿನಾ ಬೆಳಗ್ಗೆ ದೇವರ ಲೋಟ ಕುಡಿದು ನೇರ ನೆಲಮಾಳಿಗೆಗೆ. ರಜೆಯಲ್ಲಿ ಇಡೀ ಕಟ್ಟಡ ಖಾಲಿ. ಹನಿ ಬೀಳುವ ಸದ್ದೊಂದೇ ಅವಳ ಜೊತೆ. ಮೊದಮೊದಲು ಬಂದ ನೀರು ಮಂಕಾಗಿತ್ತು. ಒಂದು ದಿನ ಮರಳಿನ ನೆತ್ತಿಯ ಮೇಲೆ ಕಂದು ಬಣ್ಣದ ಪೊರೆ ಕಂಡಿತು. ಊರಿನಲ್ಲಿ ಮಗುವಿಗೆ ಹಲ್ಲು ಬಂತೆಂದು ಹೇಳುವಂತೆ ಅವಳು ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ರಜೆ ಮುಗಿಸಿ ಬಂದ ಗಡ್ಡದವನು ಅವಳು ಸೋಸಿದ ನೀರನ್ನು ಲೋಟದಲ್ಲಿ ಬೆಳಕಿಗೆ ಹಿಡಿದಿದ್ದನ್ನು ನೋಡಿ, “ಕುಡಿದುಬಿಡ್ತೀಯಾ ಏನು?” ಎಂದ.

“ಪರೀಕ್ಷೆ ವರದಿ ಬರ್ಲಿ. ನಮ್ಮ ದೇವರಿಗೆ ಹಾಗೆಲ್ಲ ಕೊಡೋಕಾಗಲ್ಲ.”

ವರದಿ ಬಂತು. ಮಾರನೆಯ ವಾರದ್ದೂ, ಅದರ ಮರುವಾರದ್ದೂ ಬಂತು. ನೀರು ಪ್ರತಿ ಸಲವೂ ತಿಳಿಯಾಗಿತ್ತು. ಮನೆಯಲ್ಲಿ, ನೀರಮ್ಮನಿಂದ ಎಲ್ಲ ಕೇಳಿದ್ದ ಏಣಿಯೂ ಈಗ ತಟ್ಟೆ ಹಿಡಿದು, “ನಿಜದ ಬೇಡವೋ, ಮರ್ಯಾದೆಯ ಬೇಡವೋ?” ಎಂದು ಕೇಳಿಯೇ ಫ್ರಿಜ್ ಮುಚ್ಚುತ್ತಿದ್ದಳು.

ಅವಧಿಯ ಕೊನೆಗೆ ಪ್ರಬಂಧ ಮಂಡಿಸುವ ದಿನ ಹತ್ತಿರವಾದಾಗ ಮೇಡಂ ಕರೆಸಿದರು. ಬರೆದ ಹಾಳೆಗಳು ಮೇಜಿನ ಮೇಲಿದ್ದವು.

“ನೀನು ಶುರು ಮಾಡಿದ್ದೇ ತಡವಾಗಿ. ಅದರಲ್ಲಿ ನನ್ನ ಪಾಲೂ ಇದೆ” ಎಂದರು. “ಕಚೇರಿಗೆ ಹೇಳಿ ಇನ್ನೊಂದು ಅವಧಿ ಕೊಡಿಸ್ತೀನಿ, ವಿದ್ಯಾರ್ಥಿವೇತನದ ಸಮೇತ. ನಿಧಾನವಾಗಿ ಮುಗಿಸು.”

ನೀರಮ್ಮ ಹಾಳೆಗಳನ್ನು ನೋಡಿದಳು. ಕೊನೆಯ ವಾರಗಳ ಸಂಖ್ಯೆಗಳು ಒಂದರ ಪಕ್ಕ ಒಂದು ಅಲುಗಾಡದೆ ನಿಂತಿದ್ದವು. ಇನ್ನೊಂದು ಅವಧಿ ಕೂತರೂ ಅವು ಹೇಳುವುದು ಇದನ್ನೇ.

“ಬೇಡ ಮೇಡಂ. ಹೇಳ್ಬೇಕಾದ್ದಕ್ಕೆ ಇಷ್ಟು ಸಾಕು.”

ಮೇಡಂ ‘ಸರಿ’ ಎನ್ನಲಿಲ್ಲ. ಪೆನ್ನು ಕೆಳಗಿಟ್ಟರು.

“ಎರಡನೇ ಸಲ ಕೇಳ್ತಿದೀನಿ.”

ನೀರಮ್ಮನಿಗೆ ನಗು ಬಂತು. “ಬೇಡ ಮೇಡಂ.”

“ಮೂರನೇ ಸಲ—” ಎಂದು ಮೇಡಂ ಶುರು ಮಾಡುವಷ್ಟರಲ್ಲಿ ಅವಳು ಬಲಗೈ ಚಾಚಿ, ಇಬ್ಬರ ನಡುವಿನ ಹಾಳೆಗಳ ಮೇಲೆ ಅಂಗೈ ಕೆಳಗೆ ಮಾಡಿ ಅಡ್ಡ ಹಿಡಿದಳು.

ಮೇಡಂ ಅವಳ ಮುಖ ನೋಡಲಿಲ್ಲ, ಕೈ ನೋಡಿದರು.