ಎರಡು ಊರಿಗೆ ಒಂದೇ ಬೋರ್ಡು

ಚೌಡಾಪುರ ಕ್ರಾಸಿನಲ್ಲಿ ಟೆಂಪೊ ಗಾಣಗಾಪುರದ ದಾರಿಗೆ ಹೊರಳಿದ್ದೇ ತಡ, ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳು ಚೀರಿದಳು. ಆಕೆಯ ತೊಡೆಯ ಮೇಲೆ ಚೇಳು ಕಡಿದ ಮಗು ಬೆವರಿನಲ್ಲಿ ತೊಯ್ದು ನಡುಗುತ್ತಿತ್ತು.

“ನಾವು ಅಫಜಲಪುರ ದವಾಖಾನಿಗೆ ಹೋಗಬೇಕ್ರಿ! ಬೋರ್ಡ್ ಓದೇ ಹತ್ತೀನಿ. ಅದನ್ನ ಬರದಾವನ ಕೈ ಸೇದಿ ಹೋಗ್ಲಿ!”

ಬರೆದವನು ನಾನೇ. ಆ ಟೆಂಪೊದ ತಗಡಿನ ಮೇಲೆ ‘ಪುರ’ ಎಂದಷ್ಟೇ ಕಾಯಂ ಬರೆದು, ಅದರ ಎಡಕ್ಕೆ ಬೇಕಾದ್ದನ್ನು ತೂಗುಹಾಕಲು ‘ಅಫಜಲ’, ‘ಗಾಣಗಾ’ ಎಂಬ ಎರಡು ಪಟ್ಟಿ ಮಾಡಿಕೊಟ್ಟಿದ್ದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಡ್ರೈವರ್ ಇಳಿದು ನೋಡಿದ. ಹಿಂದಿನ ಟ್ರಿಪ್ಪಿನ ‘ಅಫಜಲ’ ಪಟ್ಟಿ ಹಾಗೇ ನೇತಾಡುತ್ತಿತ್ತು. ಬಣ್ಣ ಹತ್ತಿದ ಕೈಗಳನ್ನು ನಾನು ಟವೆಲಿನೊಳಗೆ ಮುಚ್ಚಿಕೊಂಡೆ.

ದತ್ತನ ದರ್ಶನಕ್ಕೆ ಹೊರಟಿದ್ದ ಮುದುಕರೊಬ್ಬರು, “ಗಾಡಿ ಹೊಳ್ಳಸೋ ತಮ್ಮಾ, ದೇವ್ರು ಎಲ್ಲಿಗೂ ಹೋಗೂದಿಲ್ಲ” ಎಂದರು.

ಅಫಜಲಪುರ ಮುಟ್ಟುವವರೆಗೆ ಮಗುವಿನ ಏದುಸಿರಷ್ಟೇ ಕೇಳುತ್ತಿತ್ತು. ಅದನ್ನೆತ್ತಿಕೊಂಡು ದವಾಖಾನೆಯೊಳಗೆ ಓಡಿದವನು ನಾನೇ. ಸಂಜೆ ಮಗು ಕಣ್ಣು ತೆರೆದು ನೀರು ಕೇಳಿದಾಗ ಆ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ಈ ಕೈಗೆ ಪುಣ್ಯ ಬರ್ಲಿ, ಅಣ್ಣಾ.”

ಬೋರ್ಡು ಬರೆದವನು ನಾನೇ ಎನ್ನಲು ಬಾಯಿ ಬರಲಿಲ್ಲ. ಮೂವತ್ತೈದು ವರ್ಷ ಕಳೆದವು. ಈಗಲೂ ‘ಪುರ’ ಎಂದು ಬರೆಯುವಾಗ ಕುಂಚ ಒಂದು ಗಳಿಗೆ ನಿಲ್ಲುತ್ತದೆ. ತನ್ನ ಶಾಪವೂ ಹಾರೈಕೆಯೂ ಒಂದೇ ಕೈಗೆ ಸಂದಿದ್ದು ಆಕೆಗೆ ಇನ್ನೂ ಗೊತ್ತಿಲ್ಲ.