ರಸ್ತೆಯಲ್ಲಿ ಬೀಡಿ ಕಟ್ಟಿದ ದೊಡ್ಡಮ್ಮ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನು ಬೀಡಿ ಎಲೆಯ ಕತ್ತರಿಯಿಂದಲೇ ಬುಡಮಟ್ಟ ಕತ್ತರಿಸಿ ಬಿಸಾಡುವವರು, ಅದೊಂದನ್ನು ದಪ್ಪಗೆ, ಗಟ್ಟಿಯಾಗಿ ಬೆಳೆಯಲು ಬಿಟ್ಟಿದ್ದರು. ಹೊಗೆಸೊಪ್ಪಿನ ಬಣ್ಣ ಇಳಿದು ಅದು ಕಂದು ತಿರುಗಿತ್ತು. ಬೀಡಿ ಸುತ್ತಿದ ಮೇಲೆ ಅದರ ಬಾಯಿಯನ್ನು ಒಳಕ್ಕೆ ಮಡಚಿ ಮುಚ್ಚುವುದು ಆ ಉಗುರಿನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಎದುರಿಗೆ ಕೂತವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಅವರ ಮುಂಗೈಗೆ ಅದರಿಂದ ಒಂದು ಚುಚ್ಚು ಬೀಳುತ್ತಿತ್ತು. ನನಗೆ ಬೇಕಾದಷ್ಟು ಬಿದ್ದಿದೆ.

ಅವರು ನನ್ನ ಸ್ವಂತ ದೊಡ್ಡಮ್ಮ ಅಲ್ಲ. ವೇಣೂರಿನಿಂದ ಆರು ಕಿಲೋಮೀಟರು ಒಳಗೆ ನಮ್ಮ ಊರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಹರಿಯುವ ಒಂದು ತೋಡು, ಅದನ್ನು ದಾಟಲು ಒಂದು ಸಂಕ. ಆಚೆ ಈಚೆಯ ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಚಾವಡಿಯಲ್ಲಿ ಗೋಡೆಗೊರಗಿ, ಕಾಲು ನೀಡಿ, ತೊಡೆಯ ಮೇಲೆ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ರೇಡಿಯೋ. ಅದರಲ್ಲಿ ವಾರ್ತೆ ಓದುವವರ ಜೊತೆ ಅವರಿಗೆ ದಿನಾ ಜಗಳ. "ಹೌದಾ? ನೀನು ನೋಡಿದ್ದೀಯಾ?" ಎಂದು ರೇಡಿಯೋವನ್ನೇ ಕೇಳುವರು. ಜನ್ಮವಿಡೀ ಬೀಡಿ ಕಟ್ಟಿದ ಹೆಂಗಸಿಗೆ ಬೀಡಿಯ ಹೊಗೆ ಮಾತ್ರ ಆಗುತ್ತಿರಲಿಲ್ಲ. ಯಾರಾದರೂ ಅಂಗಳದಲ್ಲಿ ಬೀಡಿ ಹಚ್ಚಿದರೆ ಮುಗಿಯಿತು. "ಕಟ್ಟುದು ನನ್ನ ಹೊಟ್ಟೆಗೆ. ಎಳೆಯುದು ನಿನ್ನ ಕರ್ಮಕ್ಕೆ. ತೋಡಿನಾಚೆ ಹೋಗಿ ಎಳೆ" ಎಂದು ಓಡಿಸುತ್ತಿದ್ದರು.

ಈಗ ಟೀವಿಯಲ್ಲಿ, ಫೋನಿನಲ್ಲಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟವರು ಕೂತು ‘ಜನ ಯಾಕೆ ಬೀದಿಗೆ ಇಳಿಯುವುದಿಲ್ಲ’ ಎಂದು ಚರ್ಚೆ ಮಾಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜನ ಹೇಡಿಗಳಂತೆ, ಸ್ವಾರ್ಥಿಗಳಂತೆ, ಮೊಬೈಲಿನಲ್ಲಿ ಮುಳುಗಿದ್ದಾರಂತೆ. ನಾನೂ ಒಂದು ಕಾಲದಲ್ಲಿ ಹಾಗೇ ಹೇಳಿದ್ದೆ. ಹೇಳಿ ಚುಚ್ಚಿಸಿಕೊಂಡಿದ್ದೆ.

ನಾನಾಗ ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ. ನಮ್ಮೂರಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ಖಾಸಗಿ ಬಸ್ಸು, ಬೆಳಿಗ್ಗೆ ಏಳೂಕಾಲಿನದ್ದು. ಒಂದು ದಿನ ಅದು ಬರಲಿಲ್ಲ. ಮರುದಿನವೂ ಇಲ್ಲ. ಕೇಳಿದರೆ, ಕಲೆಕ್ಷನ್ ಇಲ್ಲ ಎಂದು ಬಸ್ಸಿನ ಧಣಿ ಟ್ರಿಪ್ಪೇ ಕಟ್ ಮಾಡಿದ್ದಾರಂತೆ. ಊರಿನಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗರು ಯಾರ್ಯಾರದೋ ಬೈಕಿನ ಹಿಂದೆ ಕೂತು ಹೋದರು. ಹುಡುಗಿಯರು ನಾವು ನಾಲ್ವರು. ರಬ್ಬರ್ ತೋಟದ ನಡುವೆ ಆರು ಕಿಲೋಮೀಟರು ನಡೆದು ಹೋಗಿ, ಕತ್ತಲಾಗುವಾಗ ಅದೇ ದಾರಿಯಲ್ಲಿ ಬರುವುದನ್ನು ನನ್ನ ಅಪ್ಪ ಒಪ್ಪಲಿಲ್ಲ. "ತಿಂಗಳ ಕೊನೆಯವರೆಗೆ ನೋಡುವ. ಬಸ್ಸು ಬಂದರೆ ಹೋಗು. ಇಲ್ಲದಿದ್ದರೆ ಸಾಕು ಓದಿದ್ದು" ಎಂದರು. ಅಮ್ಮ ನನಗೊಂದು ಗೆರಸೆ, ಒಂದು ಕತ್ತರಿ ತೆಗೆದಿಟ್ಟರು. ಆ ಗೆರಸೆ ನನಗೆ ಅಪ್ಪನ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾನು ಬಿಡುವವಳೇ? ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದ ಹುಡುಗಿ. ಡ್ರಾಯಿಂಗ್ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದೆ: "ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೈಕಂಬದಲ್ಲಿ ಬೃಹತ್ ಪ್ರತಿಭಟನೆ. ಎಲ್ಲರೂ ಸಾಗರೋಪಾದಿಯಲ್ಲಿ ಬನ್ನಿ." ಅಂಗಡಿಯ ಕಂಬಕ್ಕೆ, ಹಾಲಿನ ಡಿಪೋಗೆ, ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಬಾಗಿಲಿಗೆ ಅಂಟಿಸಿದೆ. ಮನೆಮನೆಗೆ ಹೋಗಿಯೂ ಹೇಳಿದೆ. ಎಲ್ಲರೂ "ಬರುವ, ಬರುವ" ಎಂದರು.

ಸೋಮವಾರ ಹತ್ತು ಗಂಟೆಗೆ, ನಮ್ಮೂರಿನ ದಾರಿ ಮುಖ್ಯರಸ್ತೆಗೆ ಸೇರುವ ಕೈಕಂಬದಲ್ಲಿ ಸಾಗರ ಬಂತು. ನಾವು ನಾಲ್ವರು ಹುಡುಗಿಯರು, ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಒಂದು ನಾಯಿ. ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಕೂಡ "ಮದ್ದು ತೆಗೊಳ್ಳಬೇಕು" ಎಂದು ಹೊರಟರು. ಅದೇ ಧಣಿಯ ಇನ್ನೊಂದು ಬಸ್ಸು, ಬೆಳ್ತಂಗಡಿಯದ್ದು, ನಮ್ಮ ಪಕ್ಕದಿಂದ ಹಾದು ಹೋಯಿತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ನಮಗೆ ಟಾಟಾ ಮಾಡಿದ.

ಅಳುತ್ತಾ ಸಂಕ ದಾಟಿ ಬಂದವಳು ಸೀದಾ ದೊಡ್ಡಮ್ಮನ ಚಾವಡಿಗೆ ಹೋಗಿ ಕುಸಿದೆ. "ಈ ಊರಲ್ಲಿ ಒಬ್ಬರಿಗೂ ಬೆನ್ನೆಲುಬು ಇಲ್ಲ ದೊಡ್ಡಮ್ಮ. ಎಲ್ಲ ಪುಕ್ಕಲರು" ಎಂದೆ. ಚುಚ್ಚು ಬಿತ್ತು.

"ಪುಕ್ಕಲರಾ? ನೀನು ಹತ್ತು ಗಂಟೆ ಅಂತ ಬರೆದದ್ದು ಯಾರನ್ನು ಕೇಳಿ?"

"ಯಾರನ್ನು ಕೇಳಬೇಕಿತ್ತು?"

"ಎಲೆಯನ್ನು ಕೇಳಬೇಕಿತ್ತು, ಮಾರಾಯ್ತಿ!"

ಆಮೇಲೆ ಬಿಡಿಸಿ ಹೇಳಿದರು. ಈ ಊರಲ್ಲಿ ಬೀಡಿ ಕಟ್ಟದ ಮನೆಯಿಲ್ಲ. ಹಿಂದಿನ ರಾತ್ರಿ ಎಲೆ ನೆನೆಸಿ ಗೋಣಿಯಲ್ಲಿ ಸುತ್ತಿಡುತ್ತಾರೆ. ಒಮ್ಮೆ ನೆನೆಸಿದ ಎಲೆಯನ್ನು ಮರುದಿನವೇ ಕಟ್ಟಿ ಮುಗಿಸಬೇಕು. ಒಣಗಿದರೆ ಪುಡಿಯಾಗುತ್ತದೆ, ಹಾಗೇ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಎಲೆ ಹಾಳಾದರೆ ಬ್ರಾಂಚಿನವರು ಬಿಡುತ್ತಾರಾ? ಬೀಡಿ ಕಟ್ಟುವ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ನನ್ನ ಅಮ್ಮನ ಮಡಿಲಲ್ಲೇ ಅವತ್ತು ಗೆರಸೆ ಇತ್ತು. ಅಮ್ಮನೇ ಬರದಿದ್ದುದು ಯಾಕೆಂದು ನನಗೆ ಹೊಳೆದಿರಲಿಲ್ಲ. ಎಂಥ ದಡ್ಡಿ!

"ಹೆದರಿಕೆಯೂ ಉಂಟು, ಇಲ್ಲ ಅಂತ ಹೇಳುದಿಲ್ಲ" ಎಂದರು ದೊಡ್ಡಮ್ಮ. "ಆ ಬಸ್ಸಿನ ಕಂಡಕ್ಟರು ಇಲ್ಲಿಯವರ ಅಳಿಯ. ಧಣಿಯ ಕೈಯಿಂದ ಮದುವೆಗೆ ಸಹಾಯ ತೆಗೊಂಡವರು ಇದ್ದಾರೆ. ಆದರೆ ಹೆದರಿಕೆ ಒಬ್ಬೊಬ್ಬರೇ ಇರುವಾಗ ದೊಡ್ಡದು. ಒಟ್ಟಿಗೆ ಕೂತರೆ ಹಂಚಿ ಹೋಗ್ತದೆ. ಕೂರಿಸುದು ಹೇಗೆ ಅಂತ ನೋಡಬೇಕು."

"ನನಗೋಸ್ಕರ ಯಾಕೆ ದೊಡ್ಡಮ್ಮ ನೀವು ಇಷ್ಟು ತಲೆಕೆಡಿಸಿಕೊಳ್ಳುದು?" ಎಂದೆ, ಕಣ್ಣು ಒರೆಸಿಕೊಳ್ಳುತ್ತಾ.

"ನಿನ್ನ ಮೇಲೆ ಪ್ರೀತಿಯಿಂದ ಅಲ್ಲ. ನೀನು ಕಟ್ಟಿದ ಬೀಡಿ ನೋಡಿದ್ದೇನೆ. ಬ್ರಾಂಚಲ್ಲಿ ಒಂದೂ ಪಾಸಾಗ್ಲಿಕ್ಕಿಲ್ಲ. ನೀನು ಓದಿಯೇ ಬದುಕಬೇಕು, ಬೇರೆ ದಾರಿ ಇಲ್ಲ."

ಅವತ್ತು ಸಂಜೆ ಅವರು ಮನೆಮನೆಗೆ ಹೋದರು. ನಾನು ಹಿಂದೆ. ಪ್ರತಿಭಟನೆ ಎಂಬ ಶಬ್ದವನ್ನೇ ಅವರು ಎತ್ತಲಿಲ್ಲ. "ಬರ್ತೀಯಾ?" ಎಂದೂ ಕೇಳಲಿಲ್ಲ. ಅಂಗಳದಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ನೀನು ಎಲ್ಲಿ ಕೂತು ಕಟ್ಟುದು?" ಆಚೆಯವಳು "ಇಲ್ಲಿಯೇ, ಚಾವಡಿಯಲ್ಲಿ" ಎನ್ನುವಳು. "ಚಾವಡಿಯಲ್ಲಿ ಕಟ್ಟಿದರೂ ಅಷ್ಟೇ ಬೀಡಿ, ಕೈಕಂಬದಲ್ಲಿ ಕಟ್ಟಿದರೂ ಅಷ್ಟೇ ಬೀಡಿ. ಎಲೆ ತೆಗೊಂಡು ಅಲ್ಲಿಗೆ ಬಾ" ಎಂದು ಹೇಳಿ ಮುಂದಿನ ಮನೆಗೆ ನಡೆದೇಬಿಡುವರು. ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಇದ್ದರು. ದೊಡ್ಡಮ್ಮನದೇ ಪ್ರಾಯ. ನಾವೆಲ್ಲ ಅವರನ್ನು ಉಮ್ಮ ಎನ್ನುತ್ತಿದ್ದೆವು. ಉಮ್ಮ ಕತ್ತರಿ ಕೆಳಗಿಟ್ಟು, "ನಾವು ಬ್ಯಾರಿಗಳು ರಸ್ತೆಯಲ್ಲಿ ಕೂತರೆ ನಾಳೆ ಬೇರೆಯೇ ಕತೆ ಕಟ್ಟುವವರು ಇದ್ದಾರೆ" ಎಂದರು. "ಕಟ್ಟಲಿ. ನೀನು ನನ್ನ ಪಕ್ಕದಲ್ಲಿ ಕೂತುಕೋ. ಕತೆ ಕಟ್ಟುವವರು ನನ್ನನ್ನು ದಾಟಿ ಬರಲಿ" ಎಂದರು ದೊಡ್ಡಮ್ಮ.

ಮರುದಿನ ಬೆಳಿಗ್ಗೆ ನಮ್ಮೂರಿನ ದಾರಿಯಲ್ಲಿ ಗೆರಸೆಗಳ ಮೆರವಣಿಗೆ. ತಲೆಯ ಮೇಲೆ ಗೆರಸೆ, ಕಂಕುಳಲ್ಲಿ ಎಲೆಯ ಒದ್ದೆ ಗೋಣಿ, ಸೊಂಟದಲ್ಲಿ ಕತ್ತರಿ. ಘೋಷಣೆ ಇಲ್ಲ, ಮೈಕ್ ಇಲ್ಲ. ಕೈಕಂಬದಲ್ಲಿ ರಸ್ತೆಯ ಅಡ್ಡಕ್ಕೆ ಸಾಲಾಗಿ ಕೂತು ಎಲೆ ಕತ್ತರಿಸತೊಡಗಿದರು. ಆಂಬುಲೆನ್ಸ್ ಬಂದರೆ, ಆಟೋದಲ್ಲಿ ರೋಗಿ ಬಂದರೆ ಬಲಕ್ಕೆ ಸರಿಯಬೇಕು ಎಂದು ದೊಡ್ಡಮ್ಮ ಮೊದಲೇ ಹೇಳಿಯಾಗಿತ್ತು. ಗಂಡಸರು ಎದುರಿನ ಅಂಗಡಿಯ ನೆರಳಲ್ಲಿ ನಿಂತು, ಚಾ ಕುಡಿಯುತ್ತಾ ‘ಬೆಂಬಲ’ ಕೊಟ್ಟರು.

ಧಣಿಯ ಬೆಳ್ತಂಗಡಿ ಬಸ್ಸು ಬಂದು ನಿಂತಿತು. ನಿನ್ನೆ ಟಾಟಾ ಮಾಡಿದ ಕಂಡಕ್ಟರ್ ಇಳಿದು ಬಂದ. "ದೊಡ್ಡಮ್ಮ, ಒಮ್ಮೆ ಬಿಡಿ ದೊಡ್ಡಮ್ಮ. ಟೈಮ್ ಆಯ್ತು."

"ನಿನ್ನ ಟೈಮ್ ನಿನಗೆ ಗೊತ್ತುಂಟು. ನಮ್ಮ ಏಳೂಕಾಲು ಯಾರು ತಿಂದದ್ದು?"

ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು. ಇಳಿದ ಎಸ್ಸೈ ಘಟ್ಟದ ಮೇಲಿನವರು. ಕೋಲು ಬೀಸಿ, "ಯಾರ್ರೀ ಇದಕ್ಕೆ ಲೀಡರ್? ಪರ್ಮಿಶನ್ ಇದೆಯಾ ಪ್ರೊಟೆಸ್ಟಿಗೆ?" ಎಂದು ಗದರಿದರು. ದೊಡ್ಡಮ್ಮ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಬೀಡಿಯ ಬಾಯಿ ಮಡಚಿ, ನೂಲು ಸುತ್ತಿ, ಗೆರಸೆಗೆ ಹಾಕಿದ ಮೇಲೆ ಶಾಲೆಯ ಪುಸ್ತಕದಂಥ ಕನ್ನಡದಲ್ಲಿ ನಿಧಾನವಾಗಿ ಹೇಳಿದರು:

"ನಾವು ಪ್ರತಿಭಟನೆ ಮಾಡುವುದಲ್ಲ ಸಾರ್. ಬೀಡಿ ಕಟ್ಟುವುದು. ಬೀಡಿ ಕಟ್ಟಲಿಕ್ಕೆ ಪರ್ಮಿಶನ್ ಬೇಕಾ?"

"ರಸ್ತೆಯಲ್ಲಾ?"

"ಈ ರಸ್ತೆಯಿಂದ ಒಳಗೆ ನಮ್ಮ ಊರಿಗೆ ಬಸ್ಸು ಇಲ್ಲ. ಬಸ್ಸು ಇಲ್ಲದವರಿಗೆ ರಸ್ತೆ ಕೂರಲಿಕ್ಕಾದರೂ ಆಗಲಿ. ಎಳೆದು ಹಾಕುವುದಾದರೆ ಹಾಕಿ ಸಾರ್. ಆದರೆ ಗೆರಸೆಯಲ್ಲಿ ಹೊಗೆಸೊಪ್ಪು ಉಂಟು. ಹಾರಿ ನಿಮ್ಮ ಕಣ್ಣಿಗೆ ಬಿದ್ದರೆ ನಮ್ಮನ್ನು ಬೈಯಬೇಡಿ."

ಉಮ್ಮ ಮೊದಲು ನಕ್ಕರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಎಸ್ಸೈ ಕೋಲನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡು ಧಣಿಗೆ ಫೋನ್ ಹಚ್ಚಿದರು. ಅಂದು ಬಗೆಹರಿಯಲಿಲ್ಲ. ಎರಡನೇ ದಿನವೂ ಕೂತರು. ಅವತ್ತು ಮಧ್ಯಾಹ್ನ ನನ್ನ ಅಪ್ಪ ಅಂಗಡಿಯ ಬಾವಿಯಿಂದ ಒಂದು ಕೊಡಪಾನ ನೀರು ಹೊತ್ತು ತಂದು ಸಾಲಿನ ನಡುವೆ ಇಟ್ಟು, ಯಾರ ಮುಖವನ್ನೂ ನೋಡದೆ ಹೋದರು. ಮೂರನೇ ದಿನ ಬೆಳಿಗ್ಗೆ ಏಳೂಕಾಲಿಗೆ ಊರೊಳಗೆ ಹಾರ್ನ್ ಕೇಳಿಸಿತು. ರಸ್ತೆಯ ಧೂಳು ಬಿದ್ದಿದೆ ಎಂದು ಬ್ರಾಂಚಿನವರು ದೊಡ್ಡಮ್ಮನ ಎರಡು ಕಟ್ಟು ಬೀಡಿ ಬಿಸಾಡಿದರಂತೆ. "ಎಳೆಯುವವನಿಗೆ ಹೊಗೆಗಿಂತ ಧೂಳೇ ಒಳ್ಳೆದು" ಎಂದು ಜಗಳ ಮಾಡಿ ಬಂದರು.

ನಾನು ಓದಿದೆ. ಬಿ.ಎಡ್. ಮುಗಿಸಿ ಬಂಟ್ವಾಳದ ಹತ್ತಿರ ಸರಕಾರಿ ಪ್ರೌಢಶಾಲೆಯಲ್ಲಿ ಟೀಚರಾದೆ. ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ ನನ್ನ ಸೀರೆ ಮುಟ್ಟಿ ನೋಡಿ, "ಏಳೂಕಾಲಿನ ಬಸ್ಸಿಗೆ ಹುಟ್ಟಿದವಳು" ಎಂದು ತಮಾಷೆ ಮಾಡುತ್ತಿದ್ದರು.

ಕಳೆದ ಮಳೆಗಾಲ ಮುಗಿದ ಮೇಲೆ ಅದೇ ಬಸ್ಸು ಮತ್ತೆ ನಿಂತಿತು. ಧಣಿ ತೀರಿಹೋಗಿ ಮಗ ಬಂದಿದ್ದ. ಊರಿನಿಂದ ಈಗ ಕಾಲೇಜಿಗೆ ಹೋಗುವ ಹುಡುಗಿಯರು ಮೂವರು. ಹೊಗೆಸೊಪ್ಪಿನ ಹುಡಿ ಅಷ್ಟು ವರ್ಷ ಎದೆಗೆ ಹೋಗಿ ದೊಡ್ಡಮ್ಮನಿಗೆ ಅಷ್ಟರಲ್ಲಿ ಉಸಿರಿನ ಕಾಯಿಲೆ. ಮಲಗಿದಲ್ಲಿಂದಲೇ ನನಗೆ ಫೋನ್ ಮಾಡಿದರು. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ, "ಸೋಮವಾರ ಕೈಕಂಬದಲ್ಲಿ ಕೂರುದು ಅಂತ ಮಾತಾಡಿದ್ದೇವೆ. ಈಗ ಬೀಡಿ ಕಟ್ಟುವವರು ಕಮ್ಮಿ. ಜನ ಬೇಕು. ನೀನೊಬ್ಬಳು ಬಂದು ಕೂತರೆ ಆ ಮಕ್ಕಳಿಗೆ ಧೈರ್ಯ" ಎಂದರು.

ನಾನು ಏನು ಹೇಳಿದೆ? ಹೇಳಲು ಈಗ ನಾಚಿಕೆಯಾಗುತ್ತದೆ. "ನಾನು ಸರಕಾರಿ ನೌಕರಿಯಲ್ಲಿ ಇದ್ದೇನೆ ದೊಡ್ಡಮ್ಮ. ರಸ್ತೆಯಲ್ಲಿ ಕೂರುವ ಹಾಗಿಲ್ಲ, ರೂಲ್ಸ್ ಉಂಟು" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹೌದಾ ಮಗಾ? ಆಯ್ತು. ನಿನ್ನ ಕೆಲಸಕ್ಕೆ ತೊಂದರೆ ಆಗುದು ಬೇಡ" ಎಂದು ಫೋನ್ ಇಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ವಾರ ಗುರುವಾರ ಬೆಳಿಗ್ಗೆ ದೊಡ್ಡಮ್ಮ ತೀರಿಕೊಂಡರು. ನಾನು ಹೋಗುವಾಗ ಚಾವಡಿಯಲ್ಲಿ ಮಲಗಿಸಿದ್ದರು. ಉಮ್ಮ ತಲೆಯ ಹತ್ತಿರ ಕೂತಿದ್ದರು. ನಾನು ಅತ್ತೆ, ಜೋರಾಗಿಯೇ ಅತ್ತೆ. ಕಾಲೇಜಿನ ಮೂವರು ಹುಡುಗಿಯರಲ್ಲಿ ಒಬ್ಬಳು ಮೆಲ್ಲಗೆ ಪಕ್ಕಕ್ಕೆ ಬಂದಳು.

"ಟೀಚರ್, ಸೋಮವಾರ ನೀವು ಎಷ್ಟು ಗಂಟೆಗೆ ಬರುದು?"

"ನಾನು ಬರ್ತೇನೆ ಅಂತ ಯಾರು ಹೇಳಿದ್ದು?"

"ದೊಡ್ಡಮ್ಮ. ‘ಬರುದಿಲ್ಲ ಅಂತ ಫೋನಲ್ಲಿ ಹೇಳಿದ್ದಾಳೆ. ಆದರೆ ಬರ್ತಾಳೆ. ಜಾಗ ಇಡಿ’ ಅಂತ ಹೇಳಿದ್ರು."

ಶುಕ್ರವಾರ ಶಾಲೆಯಲ್ಲಿ ರಜೆಯ ಅರ್ಜಿ ಕೊಟ್ಟೆ. ಹೆಡ್‌ಮಾಸ್ಟರು ಓದಿ ಕನ್ನಡಕ ತೆಗೆದರು. ನಮ್ಮ ಮೇಲೆ ಪ್ರೀತಿ ಇರುವ ಮನುಷ್ಯ. "ಎಂತ ಟೀಚರ್ ಇದು? ಕಾರಣ: ರಸ್ತೆಯಲ್ಲಿ ಕೂರುವುದು? ಮನೆಯಲ್ಲಿ ಕಾರ್ಯಕ್ರಮ ಅಂತ ಬರೆಯಿರಿ. ಎಲ್ಲರೂ ಹಾಗೆಯೇ ಬರೆಯುದು. ನಾಳೆ ನೋಟಿಸ್ ಬಂದರೆ ನಾನು ಎಂತ ಮಾಡ್ಲಿ?"

"ನೋಟಿಸ್ ಬಂದರೆ ನನಗೆ ಕೊಡಿ ಸಾರ್. ಕಾರಣ ಬರೆದ ಹಾಗೆಯೇ ಇರಲಿ."

ಸೋಮವಾರ ಕೈಕಂಬಕ್ಕೆ ಹೋದಾಗ ಬೆಳಕು ಆಗಷ್ಟೇ ಹರಿದಿತ್ತು. ಕೂತವರು ಹೆಚ್ಚಿರಲಿಲ್ಲ. ಅಮ್ಮ ಇದ್ದರು, ಉಮ್ಮ ಇದ್ದರು, ಮೂವರು ಹುಡುಗಿಯರು ಸಮವಸ್ತ್ರದಲ್ಲೇ ಇದ್ದರು. ಉಮ್ಮ ನನ್ನನ್ನು ನೋಡಿ, ಪಕ್ಕದ ಖಾಲಿ ಜಾಗದ ಮೇಲೆ ಕೈಯಿಂದ ಎರಡು ಸಲ ತಟ್ಟಿದರು. ಕೂತೆ. ಡಾಮರಿನ ತಂಪು ಸೀರೆಗೆ ಇಳಿಯಿತು. ಬೆಳ್ತಂಗಡಿ ಬಸ್ಸು ತಿರುವಿನಲ್ಲಿ ಕಾಣಿಸಿ, ಹತ್ತಿರ ಬಂದು, ನನ್ನ ಮೊಣಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಹಾರ್ನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಪಕ್ಕದ ಹುಡುಗಿ ಹೆದರಿ ನನ್ನ ಕೈ ಹಿಡಿದುಕೊಂಡಳು.

ನಾನು ಏಳಲಿಲ್ಲ.